ತಮಟೆ ಏಟಿಗೆ ಸೋತ ಆಂಪ್ಲಿಫೈಯರ್

(ಮೈಸೂರಿನ ಸರಸ್ವತೀಪುರಂನಲ್ಲಿ, ಗೆಳೆಯರೊಬ್ಬರ ಮನೆಯ ಮಹಡಿ ಹಾಲಿನಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು. ಫೋನಿನ ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಆಂಪ್ಲಿಫೈಯರ್ ಬಗ್ಗೆ ಮಾತಾಡೋಕೆ ಬಂದು ಮೈಕ್ ಇಲ್ಲದೆ ನಿಂತಿದ್ದೇನೆ, ನಗಬೇಡಿ.

ಈ ಊರಿನಲ್ಲಿ ಇಂಥ ಹುಚ್ಚು ಹೊಸದೇನಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ಸ್ಟೇಷನ್ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದ ಬಂದದ್ದು. ಮನಃಶಾಸ್ತ್ರದವರು ಟ್ರಾನ್ಸ್‌ಮಿಟರ್ ಹಿಡಿಯಬಹುದಾದರೆ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಾನು ಸೋಲ್ಡರಿಂಗ್ ಐರನ್ ಹಿಡಿಯಬಾರದು ಅಂತೇನಿಲ್ಲ ಅಲ್ವಾ?

ಮೇಜಿನ ಮೇಲಿರುವ ಈ ಪೆಟ್ಟಿಗೆ ನೋಡಿ. ಒಳಗೆ ಎಲ್‌ಎಂ3886 ಅನ್ನುವ ಚಿಪ್ ಎರಡು ಇವೆ. ಎಡಕ್ಕೊಂದು, ಬಲಕ್ಕೊಂದು. ಹನ್ನೊಂದು ಕಾಲಿನ ಕರೀ ಬಿಲ್ಲೆ ಅಷ್ಟೇ. ಮೊದಲು ನ್ಯಾಷನಲ್ ಸೆಮಿಕಂಡಕ್ಟರ್ ಮಾಡುತ್ತಿತ್ತು, 2011ರಲ್ಲಿ ಆ ಕಂಪನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. ಸುತ್ತ ನಾಲ್ಕಾರು ರೆಸಿಸ್ಟರ್, ಕೆಪಾಸಿಟರ್ ಹಾಕಿದರೆ ಆಂಪ್ಲಿಫೈಯರ್ ಆಯ್ತು. ಡೇಟಾಶೀಟ್, ಅಂದರೆ ಕಂಪನಿಯ ವಿವರಪತ್ರ, ತೆಗೆದರೆ 28 ವೋಲ್ಟ್ ಪ್ಲಸ್ಸು, 28 ವೋಲ್ಟ್ ಮೈನಸ್ಸು ಕೊಟ್ಟರೆ 4 ಓಮ್ ಸ್ಪೀಕರಿಗೆ 68 ವ್ಯಾಟ್ ಅಂತ ಬರೆದಿದೆ. ನಾನೂ ಅದನ್ನೇ ಓದಿ ಖುಷಿಪಟ್ಟು ಕಟ್ಟಿದೆ. 28 ವೋಲ್ಟ್ ಕೊಟ್ಟರೆ ಅನ್ನುವ ಮಾತನ್ನು ಮಾತ್ರ ನುಂಗಿಬಿಟ್ಟೆ.

ಮನೆಯಲ್ಲಿ 12-0-12, ಅಂದರೆ ನಡುವಿನ ಸೊನ್ನೆಯ ಎರಡೂ ಕಡೆ 12 ವೋಲ್ಟ್ ಎಸಿ ಕೊಡುವ, 2 ಆಂಪ್‌ನ ಟ್ರಾನ್ಸ್‌ಫಾರ್ಮರ್ ಇತ್ತು. ಬಿದ್ದಿರೋದನ್ನು ಯಾಕೆ ಬಿಡಬೇಕು ಅಂತ ಅದನ್ನೇ ಹಾಕಿದೆ. ಕರೆಂಟ್ ಕೂಡಿಟ್ಟುಕೊಳ್ಳೋಕೆ ಪ್ಲಸ್ಸಿಗೊಂದು ಮೈನಸ್ಸಿಗೊಂದು 2200 ಮೈಕ್ರೊಫ್ಯಾರಡ್ ಕೆಪಾಸಿಟರ್. ಭಾವಗೀತೆ ಚೆನ್ನಾಗಿಯೇ ಬಂತು. ವಾರ್ತೆ ಇನ್ನೂ ಚೆನ್ನಾಗಿ ಬಂತು. ಆಮೇಲೆ ಮಂಡ್ಯದ ಹತ್ತಿರ ನಮ್ಮೂರಿಗೆ ತಗೊಂಡು ಹೋದೆ. ಮಾರಮ್ಮನ ಹಬ್ಬದಲ್ಲಿ ಫೋನಿನಲ್ಲಿ ಹಿಡಿದಿದ್ದ ತಮಟೆ ಹಾಕಿದೆ. ಮೊದಲನೇ ಏಟು ಬಿದ್ದದ್ದೇ ತಡ, ಸ್ಪೀಕರ್ ಹರಿದ ಮೊರದ ಥರ ಪಟಪಟ ಅಂತು. ನಮ್ಮವ್ವ ಒಳಗಿಂದ, "ಅದೇನ್ ಮಗಾ, ತಗಡು ಬಡಿತಿದ್ದೀಯಾ?" ಅಂದರು. ಆವತ್ತು ಶುರುವಾದದ್ದು ಈ ಕಥೆ.

ತಪ್ಪು ಚಿಪ್ಪಿನದಲ್ಲ. ಚಿಪ್ಪು ಬರೀ ನಲ್ಲಿ. ಸ್ಪೀಕರಿಗೆ ಹೋಗುವ ಕರೆಂಟ್ ಎಲ್ಲ ಪವರ್ ಸಪ್ಲೈಯದ್ದೇ. ಟ್ಯಾಂಕಿನಲ್ಲಿ ಇಲ್ಲದ್ದು ನಲ್ಲಿಯಲ್ಲಿ ಎಲ್ಲಿಂದ ಬರಬೇಕು?

ಲೆಕ್ಕ ಸುಲಭ. 12 ವೋಲ್ಟ್ ಎಸಿಯನ್ನು 1.414ರಿಂದ ಗುಣಿಸಿ, ಅದನ್ನು ಡಿಸಿ ಮಾಡುವ ಡಯೋಡ್‌ಗೆ ಒಂದು ವೋಲ್ಟ್ ಕಳೆಯಿರಿ. 16 ವೋಲ್ಟ್ ಡಿಸಿ ಬಂತು. ಇದು ಸುಮ್ನೆ ಕೂತಿರುವಾಗಿನ ಮಾತು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುತ್ತದೆ, ಬ್ರಿಡ್ಜ್ ಡಯೋಡ್ ಎರಡೂ ಕಡೆಯ ಉಬ್ಬನ್ನು ಬಳಸುತ್ತದೆ. ಅಲ್ಲಿಗೆ ಕೆಪಾಸಿಟರ್ ತುಂಬೋದು ಸೆಕೆಂಡಿಗೆ 100 ಸಲ, 10 ಮಿಲಿಸೆಕೆಂಡಿಗೊಮ್ಮೆ. ಅದೂ ಉಬ್ಬಿನ ತುದಿಯಲ್ಲಿ ಒಂದೆರಡು ಮಿಲಿಸೆಕೆಂಡ್ ಮಾತ್ರ. ಉಳಿದ ಹೊತ್ತೆಲ್ಲ ಕೆಪಾಸಿಟರೇ ಗತಿ. ನಮ್ಮ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರಲ್ಲ, ಅದೇ. ಬಿಟ್ಟಾಗ ತುಂಬಿಕೊಳ್ಳಬೇಕು, ಮುಂದಿನ ಕಟ್ಟಿನ ತನಕ ಕಟ್ಟೆಯ ನೀರಿನಲ್ಲೇ ತೂಗಿಸಬೇಕು.

ಒಂದು ಸೂತ್ರ ಬಾಯಿಪಾಠ ಮಾಡಿಕೊಳ್ಳಿ. 1 ಆಂಪ್ ಎಳೆದರೆ, 10,000 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಕಟ್ಟಿನಿಂದ ಇನ್ನೊಂದು ಕಟ್ಟಿಗೆ ಸುಮಾರು 1 ವೋಲ್ಟ್ ಇಳಿಯುತ್ತದೆ. ಇದೊಂದು ಗೊತ್ತಿದ್ದರೆ ಉಳಿದದ್ದು ಮಗ್ಗಿ. ನನ್ನದು 2200. ಅಂದರೆ ಒಂದು ಆಂಪ್‌ಗೆ ನಾಲ್ಕೂವರೆ ವೋಲ್ಟ್ ಕುಸಿತ. ತಮಟೆ ಏಟಿಗೆ ಎರಡೂ ಚಾನಲ್ ಸೇರಿ ಒಂದು ಆಂಪ್ ದಾಟುತ್ತದೆ. 16 ಇದ್ದದ್ದು 10ಕ್ಕೆ ಬಂತು ಅನ್ನಿ. ಚಿಪ್ಪು ತನಗೇ ಅಂತ ಎರಡು, ಎರಡೂವರೆ ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದದ್ದು 8. ಎಂಟೆಂಟ್ಲಿ 64, ಅದನ್ನು ನನ್ನ ಸ್ಪೀಕರಿನ 8 ಓಮ್‌ನ ಎರಡರಷ್ಟು ಅಂದರೆ 16ರಿಂದ ಭಾಗಿಸಿ. 4 ವ್ಯಾಟ್! ಡೇಟಾಶೀಟಿನಲ್ಲಿ 4 ಓಮಿಗೆ 68, ನಮ್ಮ ಮನೆಯಲ್ಲಿ 8 ಓಮಿಗೆ ನಾಲ್ಕು.

ಸರಿ, ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕು. ಎಷ್ಟು ದೊಡ್ಡದು? ಅಂಗಡಿಯಲ್ಲಿ ಸುಲಭವಾಗಿ ಸಿಗೋದು 18-0-18, ಇಲ್ಲವೇ 24-0-24. ಇಪ್ಪತ್ನಾಲ್ಕಕ್ಕೆ ಲೆಕ್ಕದ ಪ್ರಕಾರ 33 ವೋಲ್ಟ್ ಡಿಸಿ. ಆದರೆ ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಬರೆದದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಮೇಲೆ ನಮ್ಮೂರಿನ ಕರೆಂಟು. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋದ ಜಿಲ್ಲೆ ನಮ್ಮದು. ಆದರೆ ಹಳ್ಳಿಮನೆಯ ಪ್ಲಗ್ಗಿಗೆ ಮೀಟರ್ ಇಟ್ಟರೆ, ಹಗಲು ಪಂಪ್‌ಸೆಟ್ಟುಗಳು ಓಡುವಾಗ 190, ರಾತ್ರಿ ಎಲ್ಲ ನಿಂತ ಮೇಲೆ 250. ಆ ರಾತ್ರಿ ಲೆಕ್ಕದಲ್ಲಿ ಇಪ್ಪತ್ನಾಲ್ಕರ ಟ್ರಾನ್ಸ್‌ಫಾರ್ಮರ್ 39 ವೋಲ್ಟ್ ಹತ್ತಿರ ಹೋಗುತ್ತದೆ. ಎರಡೂ ಕಡೆ ಸೇರಿ 78. ಈ ಚಿಪ್ಪಿನ ಮಿತಿ 84. ಸಾಯೋದಿಲ್ಲ, ಆದರೆ ಅಂಚಿನಲ್ಲಿ ನಡೆದಂತೆ. 4 ಓಮ್ ಸ್ಪೀಕರ್ ಹಾಕಿದರೆ ಚಿಪ್ಪಿನ ಒಳಗಿನ ಕಾವಲು ಅಡ್ಡ ಬಂದು ಹಾಡು ತುಂಡು ತುಂಡಾಗುತ್ತದೆ. ಹಾಗಾಗಿ ನಾನು 20-0-20 ಅಂತ ತೀರ್ಮಾನ ಮಾಡಿದೆ. ಲೆಕ್ಕಕ್ಕೆ 27 ವೋಲ್ಟ್, ರಾತ್ರಿ 32.

ಇಪ್ಪತ್ತರದ್ದು ಅಂಗಡಿಯಲ್ಲಿ ಸಿಗಲಿಲ್ಲ. ಮಂಡ್ಯದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರೊಬ್ಬರ ಹತ್ತಿರ ಹೋದೆ. ಅಂಗಡಿ ಮುಂದೆ ಸುಟ್ಟ ಮೋಟಾರ್‌ಗಳ ಸಾಲು, ವಾರ್ನಿಷ್ ವಾಸನೆ. ನನ್ನ ಚೀಟಿ ನೋಡಿ, "ಇದ್ ಎಷ್ಟ್ ಎಚ್‌ಪೀದು ಸಾರ್?" ಅಂತ ಕೇಳಿದರು. ಹಾಡು ಕೇಳೋಕೆ ಅಂದೆ. ನಂಬಲಿಲ್ಲ. ಆದರೆ ಕೈಗೆ ಕೋರ್ ಸಿಕ್ಕಿದ ಮೇಲೆ ಆಳೇ ಬೇರೆ. ಕೋರಿನ ಮಧ್ಯದ ಕಾಲನ್ನು ಅಳೆದರು, 14 ಚದರ ಸೆಂಟಿಮೀಟರ್. ವೈಂಡಿಂಗ್ ಮಾಡುವವರ ರೂಢಿ ಲೆಕ್ಕ, 42 ಭಾಗಿಸು 14, ವೋಲ್ಟಿಗೆ 3 ಸುತ್ತು. 230ಕ್ಕೆ 690 ಸುತ್ತು. ಇಪ್ಪತ್ತಕ್ಕೆ 60, ತಾಮ್ರದಲ್ಲಿ ಸೋರುವುದಕ್ಕೆ ಮೂರು ಸೇರಿಸಿ 63. ಕಾಗದ ಪೆನ್ನು ಮುಟ್ಟಲಿಲ್ಲ. 150 ವಿಎ (ವೋಲ್ಟ್ ಗುಣಿಸು ಆಂಪ್) ಟ್ರಾನ್ಸ್‌ಫಾರ್ಮರ್, ಔಟ್‌ಪುಟ್‌ಗೆ 17 ಗೇಜ್ ತಂತಿ.

ನಾನು ಕೇಳಿಕೊಂಡದ್ದು ಒಂದೇ. 63 ಸುತ್ತು ಒಮ್ಮೆ, ಅದರ ಮೇಲೆ ಇನ್ನೊಂದು 63 ಅಂತ ಬೇಡ, ಎರಡು ತಂತಿ ಜೊತೆಯಾಗಿ ಹಿಡಿದು ಒಂದೇ ಸಲ 63 ಸುತ್ತಿ ಅಂತ. ಮೇಲಿನ ಸುತ್ತು ಕೆಳಗಿನದಕ್ಕಿಂತ ಉದ್ದ ಆಗುತ್ತದೆ, ಉದ್ದ ಆದಷ್ಟೂ ಓಮ್ ಜಾಸ್ತಿ, ಪ್ಲಸ್ಸು ಮೈನಸ್ಸು ಸಮ ಇರೋದಿಲ್ಲ. ಜೊತೆಯಾಗಿ ಸುತ್ತಿದರೆ ಎರಡೂ ಅವಳಿ. ಆಮೇಲೆ ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸಿದರೆ ನಡುವಿನ ಸೊನ್ನೆ ಸಿಕ್ಕಿತು. ಅವರು ತಲೆ ಆಡಿಸಿ ಹಾಗೇ ಸುತ್ತಿಕೊಟ್ಟರು. ಮನೆಗೆ ತಂದು ಅಳೆದರೆ ಎರಡೂ ಕಡೆ 21.1. ನನಗೆ ಇವತ್ತಿಗೂ ಅದೊಂದು ಹೆಮ್ಮೆ.

ಡಯೋಡ್ ಬಗ್ಗೆ ಜಾಸ್ತಿ ಹೇಳಲ್ಲ. 35 ಆಂಪ್‌ನ ಲೋಹದ ಬಾಡಿ ಇರುವ ಬ್ರಿಡ್ಜ್ ಸಿಗುತ್ತದೆ, ಅದನ್ನು ತಗಡಿನ ಡಬ್ಬಕ್ಕೇ ಬಿಗಿಯಿರಿ, ಮುಗಿಯಿತು.

ಕೆಪಾಸಿಟರ್ ಬಗ್ಗೆ ಮಾತ್ರ ಹೇಳಲೇಬೇಕು. 10,000 ಮೈಕ್ರೊಫ್ಯಾರಡ್, 50 ವೋಲ್ಟ್ ಅಂತ ಬರೆದ ನಾಲ್ಕು ತಂದೆ. 35 ವೋಲ್ಟಿನದ್ದು ಅಗ್ಗ, ಆದರೆ ರಾತ್ರಿ 32 ಆಗುತ್ತೆ ಅಂದೆನಲ್ಲ. ಎಲ್ಲಿ ತಂದೆ ಅಂತ ಕೇಳಬೇಡಿ. ನಾಲ್ಕರಲ್ಲಿ ಎರಡು ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. ಕೆಪಾಸಿಟರ್ ಅಳೆಯುವ ಮೀಟರ್ ಇಲ್ಲದೆಯೂ ಇದನ್ನು ಹಿಡಿಯಬಹುದು, ಈಗ ತೋರಿಸ್ತೀನಿ. ಯಾರಾದರೂ ಫೋನಿನಲ್ಲಿ ಸ್ಟಾಪ್‌ವಾಚ್ ತೆಗೀರಿ.

(ಇಲ್ಲಿ ಕೆಪಾಸಿಟರಿಗೆ 27 ವೋಲ್ಟ್ ತುಂಬಿಸಿ, ಸಪ್ಲೈ ಬಿಡಿಸಿ, 1 ಕಿಲೋಓಮ್‌ನ 2 ವ್ಯಾಟ್ ರೆಸಿಸ್ಟರ್ ಅಡ್ಡ ಹಾಕಿದೆ. ವೋಲ್ಟ್ ಮೀಟರಿನ ಮುಳ್ಳು ಇಳಿಯೋದನ್ನು ಎಲ್ಲರೂ ಎದ್ದು ಬಂದು ನೋಡಿದರು.)

ನಿಜವಾದ 10,000 ಆಗಿದ್ದರೆ, 27 ವೋಲ್ಟ್ 10 ವೋಲ್ಟಿಗೆ ಇಳಿಯಲು 10 ಸೆಕೆಂಡ್ ಬೇಕು. ಓಮನ್ನೂ ಫ್ಯಾರಡನ್ನೂ ಗುಣಿಸಿದರೆ ಬರುವ ಸೆಕೆಂಡಿನಲ್ಲಿ ವೋಲ್ಟೇಜು ಶೇಕಡಾ 37ಕ್ಕೆ ಇಳಿಯುತ್ತದೆ, ಅಷ್ಟೇ ಸೂತ್ರ. ಮೊದಲನೆಯದು ಎಷ್ಟಾಯ್ತು? ಒಂಬತ್ತೂವರೆ. ಪಾಸ್. ಈ ಹಗುರ ಇರೋದು? ಐದೂವರೆ! ನೋಡಿ, ಮೇಲೆ 10,000 ಅಂತ ಬರೆದಿದೆ, ಒಳಗೆ ಐದೂವರೆ ಸಾವಿರ. ದೊಡ್ಡ ಡಬ್ಬ, ಚಿಕ್ಕ ಜೀವ. ಇಂಥವನ್ನು ಬಿಸಾಡಿ. ಹಾಂ, ಇನ್ನೊಂದು. ಇದೇ ರೀತಿಯ ಒಂದು ರೆಸಿಸ್ಟರ್, 2.2 ಕಿಲೋಓಮ್‌ನದ್ದು, ಪ್ರತಿ ಕೆಪಾಸಿಟರಿಗೂ ಕಾಯಂ ಆಗಿ ಅಡ್ಡ ಇರಲಿ. ಸ್ವಿಚ್ ಆಫ್ ಮಾಡಿದ ಮೇಲೆ ಅದು ಖಾಲಿ ಮಾಡುತ್ತದೆ. ಇಲ್ಲದಿದ್ದರೆ ನಾಳೆ ಬೆಳಗ್ಗೆ ಸ್ಕ್ರೂಡ್ರೈವರ್ ತುದಿಯಲ್ಲಿ ಚಟ್ ಅಂತ ಗೊತ್ತಾಗುತ್ತದೆ.

ಹೊಸ ಟ್ರಾನ್ಸ್‌ಫಾರ್ಮರ್, ಹೊಸ ಬ್ರಿಡ್ಜ್, ಹೊಸ ಕೆಪಾಸಿಟರ್. ಮೊದಲ ಸಲ ಆನ್ ಮಾಡುವಾಗ ನೇರ ಪ್ಲಗ್ಗಿಗೆ ಹಾಕಲಿಲ್ಲ. ಎಲೆಕ್ಟ್ರಿಷಿಯನ್‌ಗಳು ಸೀರೀಸ್ ಬೋರ್ಡ್ ಅಂತಾರಲ್ಲ, 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು ದಾರಿಯಲ್ಲಿ ಇರುವಂಥದ್ದು, ಅದರ ಮೂಲಕ ಹಾಕಿದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರೋದಿಲ್ಲ. ಬಲ್ಬು ಒಮ್ಮೆ ಜಗ್ಗನೆ ಉರಿದು ಮಂಕಾಯಿತು ಅಂದರೆ ಕೆಪಾಸಿಟರ್ ತುಂಬಿತು, ಎಲ್ಲ ಸರಿ ಇದೆ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟು. ನನ್ನದು ಮಂಕಾಯಿತು. ಬಲ್ಬು ತೆಗೆದು ನೇರ ಹಾಕಿದೆ, ಫ್ಯೂಸ್ ಹೋಯ್ತು! ಖಾಲಿ ಕೆಪಾಸಿಟರ್ ಮೊದಲ ಗುಟುಕಿಗೆ ಅಷ್ಟೊಂದು ಎಳೆಯುತ್ತದೆ. 1 ಆಂಪ್‌ನ ಫ್ಯೂಸೇ ಸರಿ, ಆದರೆ ನಿಧಾನಕ್ಕೆ ಹೋಗುವ ಜಾತಿಯದ್ದು ಬೇಕು, ಮೇಲೆ ಟಿ ಅಂತ ಗುರುತಿರುತ್ತದೆ.

ಈಗ ಅಸಲಿ ವಿಷಯಕ್ಕೆ ಬಂದೆ. ಇಷ್ಟೆಲ್ಲ ಆದ ಮೇಲೆ ಸ್ಪೀಕರ್ ಹಚ್ಚಿದರೆ ಹಮ್ಮಿಂಗ್! ಮೊದಲಿಗಿಂತ ಜಾಸ್ತಿ. ಹಾಡು ಹಾಕದೇ ಇದ್ದಾಗಲೂ ಝರ್ರ್ ಅಂತ ಜೀರುಂಡೆ ಕೂತ ಹಾಗೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಹಾಗೇ. ದುಡ್ಡು ಹಾಕಿ ಹಮ್ಮಿಂಗ್ ಕೊಂಡುಕೊಂಡೆನಲ್ಲ ಅಂತ ಎರಡು ವಾರ ಪೆಟ್ಟಿಗೆ ಮುಟ್ಟಲಿಲ್ಲ.

ನನ್ನ ಗೆಳೆಯರು ಹೇಳಿದ್ದೇನು? ಕೆಪಾಸಿಟರ್ ಸಾಲದು, ಇನ್ನೂ ಹಾಕು ಅಂತ. ಇದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು, ಮತ್ತು ತಪ್ಪು ಮಾತು. ಸಪ್ಲೈಯಲ್ಲಿ ಒಂದೆರಡು ವೋಲ್ಟ್ ಏರಿಳಿತ ಇದ್ದರೂ ಈ ಚಿಪ್ಪು ಅದನ್ನು ಸ್ಪೀಕರಿಗೆ ಬಿಡೋದಿಲ್ಲ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಅದು ತಡೆಯೋದು 100 ಡೆಸಿಬೆಲ್‌ಗೂ ಜಾಸ್ತಿ, ಅಂದರೆ ಲಕ್ಷದಲ್ಲಿ ಒಂದು ಪಾಲೂ ದಾಟಲ್ಲ. ಸಪ್ಲೈ ಕುಸಿದರೆ ತೊಂದರೆ ಆಗೋದು ಜೋರು ಏಟಿನಲ್ಲಿ, ಆಗಲೇ ಹೇಳಿದ ತಮಟೆಯ ಹಾಗೆ. ಸುಮ್ಮನಿರುವಾಗಿನ ಹಮ್ಮಿಂಗ್ ಬರೋದು ಬೇರೆ ಬಾಗಿಲಿಂದ. ಗ್ರೌಂಡ್ ತಂತಿಯಿಂದ, ಅಂದರೆ ಎಲ್ಲಕ್ಕೂ ಸೊನ್ನೆ ವೋಲ್ಟ್ ಆಗಿರುವ ತಂತಿಯಿಂದ.

ಕಟ್ಟು ನೀರು ನೆನಪಿದೆಯಲ್ಲ? ಕಟ್ಟೆ ದೊಡ್ಡದಾದರೆ ನಾಲೆಯ ಒಟ್ಟು ನೀರು ಹೆಚ್ಚಲ್ಲ. ಆದರೆ ಕೆಪಾಸಿಟರ್ ದೊಡ್ಡದಾಗಿ, ಟ್ರಾನ್ಸ್‌ಫಾರ್ಮರ್‌ನ ತಂತಿ ದಪ್ಪ ಆದಾಗ, ಅಷ್ಟೇ ಕರೆಂಟು ಇನ್ನೂ ಕಡಿಮೆ ಹೊತ್ತಿನಲ್ಲಿ, ಇನ್ನೂ ರಭಸದಿಂದ ನುಗ್ಗುತ್ತದೆ. ಹಾಡು ಜೋರಾಗಿರುವಾಗ ಸರಾಸರಿ ಒಂದೂವರೆ ಆಂಪ್ ಎಳೆದರೂ, ತುಂಬುವ ಆ ಒಂದೆರಡು ಮಿಲಿಸೆಕೆಂಡಿನಲ್ಲಿ ಹರಿಯೋದು 10 ಆಂಪ್. ಆ ಏಟು ಟ್ರಾನ್ಸ್‌ಫಾರ್ಮರ್‌ನ ಸೊನ್ನೆಯಿಂದ ಎರಡು ಕೆಪಾಸಿಟರ್ ಸೇರುವ ಜಾಗಕ್ಕೆ ಹೋಗುವ ತಂತಿಯಲ್ಲೂ ಹರಿಯುತ್ತದೆ. ನನ್ನ ಪೆಟ್ಟಿಗೆಯಲ್ಲಿ ಆ ತಂತಿ ಗೇಣುದ್ದ ಇತ್ತು, 1 ಚದರ ಮಿಲಿಮೀಟರ್ ತಾಮ್ರ. ಅದರ ಓಮ್ ಎಷ್ಟು? ಸುಮಾರು 4 ಮಿಲಿಓಮ್. ಏನೂ ಇಲ್ಲ ಅನ್ನಿಸುತ್ತೆ ಅಲ್ವಾ? 10 ಆಂಪ್‌ನಿಂದ ಗುಣಿಸಿ, 40 ಮಿಲಿವೋಲ್ಟ್. ನಾನು ಮಾಡಿದ ಕೆಲಸ ಏನಂದರೆ, ಆಂಪ್ಲಿಫೈಯರ್‌ನ ಇನ್‌ಪುಟ್ ಗ್ರೌಂಡನ್ನು ತಂದು ಆ ತಂತಿಯ ಟ್ರಾನ್ಸ್‌ಫಾರ್ಮರ್ ತುದಿಗೆ ಬೆಸೆದಿದ್ದೆ. ಅಲ್ಲೊಂದು ಟ್ಯಾಗ್ ಇತ್ತು, ಸಲೀಸು ಅನ್ನಿಸಿತು. ಆ 40 ಮಿಲಿವೋಲ್ಟನ್ನು ಚಿಪ್ಪು ಹಾಡು ಅಂದುಕೊಂಡು 20 ಪಟ್ಟು ಮಾಡಿ ಸ್ಪೀಕರಿಗೆ ಕೊಟ್ಟಿತು. 0.8 ವೋಲ್ಟ್. ಸುಮ್ಮನಿರುವಾಗ ಇದರ ಹತ್ತನೇ ಒಂದು ಪಾಲು, ಆದರೂ ರಾತ್ರಿ ಹೊತ್ತು ಕೋಣೆ ತುಂಬ ಕೇಳುತ್ತದೆ. ಹಳೇ ಸಪ್ಲೈಯಲ್ಲೂ ಈ ತಪ್ಪು ಇತ್ತು. ಏಟು ಮೆಲ್ಲಗಿದ್ದರಿಂದ ಮುಚ್ಚಿಹೋಗಿತ್ತು.

ಕಿವಿಯಿಂದಲೇ ಗುರುತು ಹಿಡಿಯಬಹುದು. ಗುಂಯ್ ಅಂತ ನುಣ್ಣಗೆ ಬಂದರೆ 50 ಹರ್ಟ್ಸ್, ಟ್ರಾನ್ಸ್‌ಫಾರ್ಮರ್ ಹತ್ತಿರ ಸಿಗ್ನಲ್ ತಂತಿ ಹೋಗಿರಬೇಕು, ಇಲ್ಲವೇ ಎರಡು ಉಪಕರಣದ ಅರ್ತಿಂಗ್ ಸುತ್ತು ಹಾಕಿಕೊಂಡಿರಬೇಕು. ಝರ್ರ್ ಅಂತ ಒರಟಾಗಿ ಬಂದರೆ 100 ಹರ್ಟ್ಸ್ ಮತ್ತು ಅದರ ಮರಿಗಳು. ಅದು ಕೆಪಾಸಿಟರ್ ತುಂಬುವ ಏಟು.

ಮದ್ದು ಒಂದೇ ತಂತಿ. ಟ್ರಾನ್ಸ್‌ಫಾರ್ಮರ್ ಸೊನ್ನೆ ಕೆಪಾಸಿಟರ್‌ಗಳ ಮಧ್ಯಕ್ಕೆ ಬಂತು, ಅಲ್ಲಿಗೆ ಆ ಏಟಿನ ಓಡಾಟ ಮುಗಿಯಿತು. ಆ ಮಧ್ಯದಿಂದ ಎರಡಿಂಚಿನ ಇನ್ನೊಂದು ತಂತಿ ಎಳೆದು, ಅದರ ತುದಿಯಲ್ಲಿ ಎಲ್ಲ ಗ್ರೌಂಡ್ ಸೇರಿಸಿ. ಇನ್‌ಪುಟ್ ಗ್ರೌಂಡ್, ಸ್ಪೀಕರ್ ವಾಪಸ್, ಎಲ್ಲ ಅಲ್ಲಿಗೇ. ತೋರಿಸ್ತೀನಿ ನೋಡಿ. ಕ್ಲಿಪ್ಪು ಹಳೇ ಜಾಗಕ್ಕೆ ಹಾಕಿದೆ. ಕೇಳಿಸ್ತಾ? ಈಗ ಆಫ್ ಮಾಡಿ ಹೊಸ ಜಾಗಕ್ಕೆ ಹಾಕಿ ಮತ್ತೆ ಆನ್ ಮಾಡಿದೆ. ಸ್ಪೀಕರಿಗೆ ಕಿವಿ ಹಚ್ಚಿ ನೋಡಿ ಬೇಕಾದರೆ.

(ಮುಂದಿನ ಸಾಲಿನ ಹುಡುಗ ನಿಜವಾಗಿಯೂ ಎದ್ದು ಬಂದು ಕಿವಿ ಹಚ್ಚಿದ. "ಏನೂ ಇಲ್ಲ ಅಂಕಲ್, ಆಫ್ ಆಗಿದೆ" ಅಂದ. ತಮಟೆ ಹಾಕಿದೆ. ಹಾರಿಬಿದ್ದ. ಆಮೇಲೆ ಅವನ ತಾಯಿಯ ಕ್ಷಮೆ ಕೇಳಿದೆ.)

ಈಗ ಲೆಕ್ಕ ಹೇಳಿಬಿಡ್ತೀನಿ. ಲೋಡ್ ಇರುವಾಗ 25 ವೋಲ್ಟ್ ನಿಲ್ಲುತ್ತದೆ, ಅದರಿಂದ ಸುಮಾರು 30 ವ್ಯಾಟ್. ನಾಲ್ಕರಿಂದ ಮೂವತ್ತು. ಕಿವಿಗೆ ಏಳೆಂಟು ಪಟ್ಟು ಜೋರು ಅನ್ನಿಸಲ್ಲ, ಎರಡು ಪಟ್ಟು ಅನ್ನಿಸಬಹುದು. ಕಿವಿ ಇರೋದೇ ಹಾಗೆ. ಆದರೆ ತಮಟೆ ತಮಟೆಯಾಗಿ ಕೇಳುತ್ತದೆ.

ಒಬ್ಬರು ಕೇಳಿದರು: "ಕೆಪಾಸಿಟರ್ ಕಡಿಮೆ ಇದ್ದಷ್ಟೂ ದನಿ ಚೆನ್ನ ಅಂತಾರಲ್ಲ?" ಹೌದು, ಆ ಪಂಥವೂ ಇದೆ. ಜಪಾನಿನ 47 ಲ್ಯಾಬೊರೇಟರಿಯವರ ಗೇನ್‌ಕಾರ್ಡ್ ಅನ್ನುವ ಆಂಪ್ಲಿಫೈಯರ್‌ನಲ್ಲಿ ಎಲ್‌ಎಂ3875 ಚಿಪ್ಪಿನ ಪಕ್ಕ ಬರೀ 1000 ಮೈಕ್ರೊಫ್ಯಾರಡ್ ಇತ್ತು, ಅದನ್ನು ನೋಡಿ ಲೋಕವೆಲ್ಲ ನಕಲು ಮಾಡಿತು. ಮೆಲ್ಲಗೆ ವೀಣೆ ಕೇಳುವವರಿಗೆ ಅದು ಸಾಕು. ನನಗೆ ತಮಟೆ ಬೇಕು. ಆದರೆ ಅವರಿಂದ ಕಲಿಯಬೇಕಾದ್ದು ಒಂದಿದೆ, ಚಿಪ್ಪಿನ ಕಾಲಿಗೆ ಅಂಟಿದ ಹಾಗೆ ಕೆಪಾಸಿಟರ್ ಇರಬೇಕು. ದೊಡ್ಡದು ದೂರದಲ್ಲಿರಲಿ, ಕಾಲಿನ ಬುಡದಲ್ಲಿ ಒಂದು 470 ಮೈಕ್ರೊಫ್ಯಾರಡ್, ಒಂದು 0.1. ನಾನು ಒಂದು ಸಲ ಇದನ್ನು ಬಿಟ್ಟು ಒಂದಡಿ ತಂತಿ ಎಳೆದಿದ್ದೆ. ಹಾಡು ಇಲ್ಲ, ಸದ್ದು ಇಲ್ಲ, ಚಿಪ್ಪಿನ ಬಿಸಿ ಹೊರಹಾಕುವ ಹೀಟ್ ಸಿಂಕ್ ಮಾತ್ರ ದೋಸೆ ಕಾವಲಿ. ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಚಿಪ್ಪು ತಾನೇ ಕಿರುಚಿಕೊಳ್ಳುತ್ತಿತ್ತು.

ಇನ್ನೊಬ್ಬರದ್ದು, ಕಂಪ್ಯೂಟರಿನಲ್ಲಿರುವಂಥ ಸ್ವಿಚಿಂಗ್ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಹಾಕಬಾರದಾ ಅಂತ. ಹಾಕಬಹುದು. ಹಗುರ, ಊರಿನ ಕರೆಂಟ್ 190 ಆದರೂ ಔಟ್‌ಪುಟ್ ಅಲ್ಲಾಡಲ್ಲ. ಆದರೆ ಜೋರು ಏಟಿಗೆ ಅದರ ಮಿತಿ ದಾಟಿದರೆ ಥಟ್ಟನೆ ಕೈ ಎತ್ತಿಬಿಡುತ್ತದೆ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಅರೆಗಳಿಗೆ ಎರಡು ಪಟ್ಟು ಭಾರ ಹೊತ್ತರೂ ಗೊಣಗಲ್ಲ. ನಮ್ಮೂರ ಎತ್ತಿನ ಹಾಗೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಮೇಡಂ ಎದ್ದರು. ಬಟ್ಟೆ ಚೀಲದಲ್ಲಿ ಸ್ವಂತ ಆಂಪ್ಲಿಫೈಯರ್ ತಂದಿದ್ದರು. "ಹಳೇ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡೇ ಬರೀ ಆ ತಂತಿ ಬದಲಾಯಿಸಿದ್ರೆ ಎಷ್ಟು ಉಪಯೋಗ ಆಗ್ತಿತ್ತು ಸಾರ್?" ಅಂದರು. ಹಮ್ಮಿಂಗ್ ಪೂರ್ತಿ ಹೋಗುತ್ತಿತ್ತು, ತಮಟೆ ಮಾತ್ರ ಹರಿಯುತ್ತಲೇ ಇರುತ್ತಿತ್ತು ಅಂದೆ. ದುಡ್ಡು ಹಾಕುವ ಮುಂಚೆ ತಂತಿ ನೋಡಿಕೊಳ್ಳಿ, ಅದಕ್ಕೆ ಖರ್ಚಿಲ್ಲ ಅಂದೆ. ಅವರು ಚೀಲದಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದರು. ನಾಲ್ಕೈದು ಜನ ಬಗ್ಗಿದೆವು. ಹಸಿರು ಗ್ರೌಂಡ್ ತಂತಿ ಇನ್‌ಪುಟ್‌ನಿಂದ ಹೊರಟು, ಡಬ್ಬದ ಅಂಚಿಗೆ ಒತ್ತಿಕೊಂಡು ಹೋಗಿ, ನೇರ ಟ್ರಾನ್ಸ್‌ಫಾರ್ಮರ್‌ನ ಟ್ಯಾಗಿಗೇ ಬೆಸೆದುಕೊಂಡಿತ್ತು. ಮನೆಯವರು ಕಾಫಿ ತರುವಷ್ಟರಲ್ಲಿ ಸೋಲ್ಡರಿಂಗ್ ಐರನ್ ಬಿಸಿಗೆ ಇಟ್ಟೆವು.